ಲಾಭಾಂಶದಿಂದ ತಿಂಗಳ ಖರ್ಚು ನಡೆಯುತ್ತದೆಯೇ? (ಕಲಬುರಗಿ ನಿವೃತ್ತರ ಬಳಗದ ಪ್ರಶ್ನೋತ್ತರ)

ನಿವೃತ್ತ ಶಿಕ್ಷಕಿ, ಆಳಂದ: ಶರಣು ಸರ್. ನಿವೃತ್ತಿಯ ಹಣ 12 ಲಕ್ಷ ಇದೆ. ಒಂದು ಕಂಪನಿಯ ಷೇರಿನ ಬೆಲೆ 200 ರೂಪಾಯಿ. ಹೋದ ವರ್ಷ ಷೇರಿಗೆ 28 ರೂಪಾಯಿ ಲಾಭಾಂಶ ಕೊಟ್ಟಿದೆ. ಎಲ್ಲವನ್ನೂ ಅದಕ್ಕೇ ಹಾಕಿದರೆ ತಿಂಗಳಿಗೆ 14,000 ಬರುತ್ತದೆ ಎಂದು ಅಳಿಯಂದಿರು ಲೆಕ್ಕ ಹಾಕಿದ್ದಾರೆ. ಕಂಪನಿಯ ಪ್ರಕಟಣೆ ಕಳಿಸಿದ್ದೇನೆ.

ತೆರಿಗೆ ಸಲಹೆಗಾರ: ಅಕ್ಕಾ, ಅಳಿಯಂದಿರ ಗುಣಾಕಾರ ಸರಿ, ಹಿಡಿದ ಅಂಕಿ ತಪ್ಪು. ಪ್ರಕಟಣೆಯ ಎರಡನೆಯ ಪುಟ ನೋಡಿ. 28ರಲ್ಲಿ 18 ರೂಪಾಯಿ ವಿಶೇಷ ಲಾಭಾಂಶ, ಜಾಗ ಮಾರಿ ಬಂದದ್ದು. ಅದೇ ಜಾಗವನ್ನು ಮುಂದಿನ ವರ್ಷ ಮತ್ತೆ ಮಾರಲಾಗದು. ಉಳಿಯುವುದು 10. ನಿಮ್ಮ 6,000 ಷೇರಿಗೆ ವರ್ಷಕ್ಕೆ 60,000, ತಿಂಗಳಿಗೆ 5,000. ಅದೂ ಸಂಬಳದಂತೆ ಒಂದನೇ ತಾರೀಖಿಗೆ ಬರುವುದಿಲ್ಲ. ಹೆಚ್ಚಿನ ಕಂಪನಿಗಳು ವರ್ಷಕ್ಕೆ ಒಂದೋ ಎರಡೋ ಸಲ ಕೊಡುತ್ತವೆ. ಒಂದೇ ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ ಮೂಲದಲ್ಲೇ ಶೇ 10 ತೆರಿಗೆ ಕಡಿತವಾಗಿ ಕೈಗೆ 54,000. ನಿಮಗೆ ತೆರಿಗೆ ಬೀಳದಿದ್ದರೆ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬಹುದು.

ಲಾಭಾಂಶ ಕೊಡಲೇಬೇಕೆಂಬ ಕಟ್ಟಳೆಯೂ ಇಲ್ಲ. 2020ರಲ್ಲಿ ಕೋವಿಡ್ ಬಂದಾಗ ಬ್ಯಾಂಕುಗಳು ಲಾಭಾಂಶ ಹಂಚದಂತೆ ರಿಸರ್ವ್ ಬ್ಯಾಂಕೇ ತಡೆದಿತ್ತು. ಐದಾರು ವರ್ಷದ ಲಾಭಾಂಶ ಬರೆದಿಟ್ಟುಕೊಂಡು, ವಿಶೇಷದ್ದನ್ನು ಹೊಡೆದುಹಾಕಿ, ಅತಿ ಕಡಿಮೆ ಕೊಟ್ಟ ವರ್ಷದ ಅಂಕಿ ಹಿಡಿಯಿರಿ. ಇಳುವರಿ ಭರ್ಜರಿಯಾಗಿದ್ದ ವರ್ಷವನ್ನು ನಂಬಿ ಯಾವ ತೊಗರಿ ರೈತರೂ ಸಾಲ ಮಾಡುವುದಿಲ್ಲವಲ್ಲ.

ಧಾನ್ಯ ವ್ಯಾಪಾರಿ, ಗಂಜ್: ಮಾಡುತ್ತಾರೆ ಸರ್, ನನ್ನ ಖಾತೆ ಪುಸ್ತಕ ತೋರಿಸಲೇ? ಅಕ್ಕಾ, ಷೇರು ಬಿಡಿ, ಹೊಲ ಹಿಡಿದು ಲಾವಣಿಗೆ ಕೊಡಿ.

ನಿವೃತ್ತ ಬ್ಯಾಂಕ್ ನೌಕರ: ಮಳೆ ಕೈಕೊಟ್ಟ ವರ್ಷ ಲಾವಣಿ ಹಣ ಯಾರು ಕೊಡುತ್ತಾರೆ, ನೀವೇ?

ಧಾನ್ಯ ವ್ಯಾಪಾರಿ: ಹೊಲವಾದರೂ ಇದ್ದಲ್ಲೇ ಇರುತ್ತದೆ. ನಿಮ್ಮ ಷೇರು ಎಲ್ಲಿರುತ್ತದೆ?

ಸೇಡಂ ಸದಸ್ಯ: ಒಂದು ಕಂಪನಿ 500% ಲಾಭಾಂಶ ಘೋಷಿಸಿದೆ! 1,000 ರೂಪಾಯಿಯ ಷೇರಿಗೆ 5,000 ಬರುತ್ತದೆಯೇ?

ತೆರಿಗೆ ಸಲಹೆಗಾರ: ಆ ಶೇಕಡಾವಾರು ಮುಖಬೆಲೆಯ ಮೇಲೆ, ಅಂದರೆ ಕಂಪನಿ ಷೇರಿಗೆ ನಮೂದಿಸಿದ ಮೂಲ ಬೆಲೆಯ ಮೇಲೆ, ಮಾರುಕಟ್ಟೆ ಬೆಲೆಯ ಮೇಲಲ್ಲ. ಮುಖಬೆಲೆ 2 ಇದ್ದರೆ 10 ರೂಪಾಯಿ. 1,000ಕ್ಕೆ ಕೊಂಡವರಿಗೆ ಶೇ 1.

ಜೇವರ್ಗಿ ಸದಸ್ಯ: ಕೃಷಿ ಆದಾಯದ ಜೊತೆ ಲಾಭಾಂಶವನ್ನೂ ತೋರಿಸಬೇಕೇ ಸರ್?

ಚಿತ್ತಾಪುರ ಸದಸ್ಯ: ಬಂದ ಸಂದೇಶ ಹಂಚುತ್ತಿದ್ದೇನೆ: "ಲಾಭಾಂಶದ ಹಿಂದಿನ ದಿನ ಕೊಳ್ಳಿ, ಮರುದಿನ ಮಾರಿ, ಮನೆಯಲ್ಲೇ ಕುಳಿತು ತಿಂಗಳಿಗೆ 20,000!" ಎಲ್ಲರಿಗೂ ಉಪಯೋಗವಾಗಲಿ.

ತೆರಿಗೆ ಸಲಹೆಗಾರ: ಯಾರಿಗೂ ಆಗುವುದಿಲ್ಲ. ಲಾಭಾಂಶದ ಹಕ್ಕು ಕಳಚುವ ದಿನ, ಅಂದರೆ ಕೊಂಡವರಿಗೆ ಆ ಲಾಭಾಂಶ ಸಿಗದ ಮೊದಲ ದಿನ, ಷೇರಿನ ಬೆಲೆ ಸಾಮಾನ್ಯವಾಗಿ ಅಷ್ಟೇ ಇಳಿಯುತ್ತದೆ. 10 ರೂಪಾಯಿ ಜೇಬಿಗೆ ಬಂತು, 10 ಷೇರಿನಲ್ಲಿ ಹೋಯಿತು. ಮೇಲೆ ದಲ್ಲಾಳಿ, ತೆರಿಗೆ. ಈ ತಿಂಗಳು ಇದೇ ಸಂದೇಶ ನಾಲ್ಕನೆಯ ಸಲ. ದಯವಿಟ್ಟು ಅಳಿಸಿ.

ಚಿತ್ತಾಪುರ ಸದಸ್ಯ: ಒಳ್ಳೆಯ ಮನಸ್ಸಿನಿಂದ ಹಾಕಿದೆ. ಸಿಟ್ಟೇಕೆ?

ಶಹಾಬಾದ್ ಸದಸ್ಯ: 300% ಎಂದರೆ ಮೂರು ಪಟ್ಟೇ ಸರ್?

ತೆರಿಗೆ ಸಲಹೆಗಾರ: ಮೇಲೆ ಓದಿ.

ಅಫಜಲಪುರ ಸದಸ್ಯ: ತಂದೆಯವರ ಹಳೆಯ ಷೇರುಗಳ ಲಾಭಾಂಶವನ್ನು ಹತ್ತು ವರ್ಷದಿಂದ ಯಾರೂ ಪಡೆದಿಲ್ಲ. ಮುಳುಗಿತೇ?

ತೆರಿಗೆ ಸಲಹೆಗಾರ: ಮುಳುಗಿಲ್ಲ. ಸತತ ಏಳು ವರ್ಷ ಪಡೆಯದಿದ್ದರೆ ಹಣವೂ ಷೇರೂ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ. ವಾರಸುದಾರರು ಅರ್ಜಿ ಹಾಕಬಹುದು. ಮೊದಲು ಕಂಪನಿಗೆ ಪತ್ರ ಬರೆಯಿರಿ.

ಜೇವರ್ಗಿ ಸದಸ್ಯ: ಸರ್, ನನ್ನ ಕೃಷಿ ಆದಾಯದ ಪ್ರಶ್ನೆ?

ಧಾನ್ಯ ವ್ಯಾಪಾರಿ: ಬ್ಯಾಂಕಿನವರು ಉತ್ತರ ಕೊಡಲಿಲ್ಲ. ಷೇರು ಎಲ್ಲಿರುತ್ತದೆ?

ನಿವೃತ್ತ ಬ್ಯಾಂಕ್ ನೌಕರ: ನಿಮ್ಮ ಉದ್ರಿ ಇರುವಲ್ಲೇ.

ನಿವೃತ್ತ ಶಿಕ್ಷಕಿ: ಸರ್, ಒಂದು ಮಾತು ಹೇಳಿರಲಿಲ್ಲ. ಎರಡು ಲಕ್ಷ ಹೋದ ವಾರವೇ ಹಾಕಿಬಿಟ್ಟಿದ್ದೇನೆ. ಅಳಿಯಂದಿರ ಮಾತು ತೆಗೆದುಹಾಕಲಾಗಲಿಲ್ಲ.

ತೆರಿಗೆ ಸಲಹೆಗಾರ: ಉಳಿದ ಹತ್ತನ್ನು ಮುಟ್ಟಬೇಡಿ. ಕೊಂಡ ದಿನದ ಚೀಟಿ ನನಗೊಬ್ಬನಿಗೇ ಕಳಿಸಿ, ಇಲ್ಲಿ ಬೇಡ.