ಓರ್ವಿಯೆತೊ: ಒಂದು ಹಗಲು ಸಾಕೇ, ರಾತ್ರಿ ತಂಗಬೇಕೇ?

ಪ್ರಶ್ನೆ (ಧಾರವಾಡದಿಂದ)

ರೋಮ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ನಾನು, ನನ್ನ ಹೆಂಡತಿ ಮತ್ತು ಎಪ್ಪತ್ತು ದಾಟಿದ ನನ್ನ ತಾಯಿ ಅಕ್ಟೋಬರ್‌ನಲ್ಲಿ ಇಟಲಿಗೆ ಹೋಗುತ್ತಿದ್ದೇವೆ. ಗುಡ್ಡದ ಮೇಲಿನ ಒಂದು ಹಳೆಯ ಊರನ್ನು, ಅಲ್ಲಿನ ಚರ್ಚುಗಳನ್ನು ಸಾವಕಾಶವಾಗಿ ನೋಡಬೇಕೆಂಬ ಆಸೆಯಿದ್ದು, ಮಗಳು ಉಂಬ್ರಿಯಾ ಪ್ರಾಂತ್ಯದ ಓರ್ವಿಯೆತೊ ಊರನ್ನು ಸೂಚಿಸಿದ್ದಾಳೆ. ಬೆಳಿಗ್ಗೆ ಹೋಗಿ ಸಂಜೆ ಮರಳಿದರೆ ಸಾಕೇ? ತಾಯಿಯವರಿಗೆ ಮೊಣಕಾಲು ನೋವಿದೆ. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಅವರು ಮುಟ್ಟುವುದಿಲ್ಲ. ಹಾಗೆಂದು ಅವರನ್ನು ಬರೀ ಬ್ರೆಡ್ಡು, ಬಾಳೆಹಣ್ಣಿನ ಮೇಲೆ ಇಡಲು ನನಗೆ ಮನಸ್ಸಿಲ್ಲ. ಆ ಊರಿನ ಊಟವನ್ನು ಅವರೂ ಉಣ್ಣಬೇಕು.

ಉತ್ತರ (ಹುಬ್ಬಳ್ಳಿಯಿಂದ)

ದಯವಿಟ್ಟು ಒಂದು ರಾತ್ರಿ ಉಳಿಯಿರಿ. ರೋಮ್‌ನಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ನಿಲ್ದಾಣ ಬುಡದಲ್ಲಿದೆ, ಊರು ಬಂಡೆಯ ನೆತ್ತಿಯ ಮೇಲಿದೆ. ಆದರೆ ನಿಲ್ದಾಣದ ಎದುರಿನಿಂದಲೇ ಹಗ್ಗದಿಂದ ಎಳೆಯುವ ಫ್ಯುನಿಕ್ಯುಲರ್ ಗಾಡಿ ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ದುವೊಮೊ ಎಂದು ಕರೆಯುವ ದೊಡ್ಡ ಚರ್ಚಿನವರೆಗೆ ಸಣ್ಣ ಬಸ್ಸಿದೆ. ಆದ್ದರಿಂದ ನಿಮ್ಮ ತಾಯಿಯವರ ಮೊಣಕಾಲಿಗೆ ಹೆಚ್ಚು ತೊಂದರೆಯಾಗದು.

ಉಳಿಯಿರಿ ಎನ್ನಲು ಕಾರಣ, ಆ ಚರ್ಚಿನ ಮುಖ ಪಡುವಣಕ್ಕಿದೆ. ಹೊತ್ತು ಇಳಿಯುವಾಗ ಮುಂಭಾಗದ ಬಂಗಾರದ ಬಣ್ಣದ ಮೊಸಾಯಿಕ್ ಹೊತ್ತಿಕೊಂಡಂತೆ ಕಾಣುತ್ತದೆ. ಬೆಳಿಗ್ಗೆ ಅದೇ ಗೋಡೆ ನೆರಳಿನಲ್ಲಿರುತ್ತದೆ. 1290ರಲ್ಲಿ ಪೋಪ್ ನಾಲ್ಕನೆಯ ನಿಕೋಲಸ್ ಅಡಿಗಲ್ಲು ಹಾಕಿದ ಈ ಕಟ್ಟಡದ ಮುಂಭಾಗಕ್ಕೆ ರೂಪ ಕೊಟ್ಟವನು ಲೊರೆಂಜೊ ಮೈತಾನಿ. ನಾನು ಬಹಳ ಹೊತ್ತು ನಿಂತದ್ದು ಬಾಗಿಲುಗಳ ಪಕ್ಕದ ಕಂಬಗೋಡೆಗಳ ಮುಂದೆ: ಆದಾಮ ಮಲಗಿ ನಿದ್ರಿಸುತ್ತಿದ್ದಾನೆ, ದೇವರು ಬಾಗಿ ಅವನ ಪಕ್ಕೆಲುಬನ್ನು ತೆಗೆಯುತ್ತಿದ್ದಾನೆ. ಒಳಗೆ, ಸಾನ್ ಬ್ರಿತ್ಸಿಯೊ ಪ್ರಾರ್ಥನಾ ಕೋಣೆಯಲ್ಲಿ, ಲೂಕಾ ಸಿನ್ಯೊರೆಲ್ಲಿ 1499ರಿಂದ ಬರೆದ ಲೋಕಾಂತ್ಯದ ಚಿತ್ರಗಳಿವೆ. ಸತ್ತವರು ಬಿಳಿ ನೆಲದಿಂದ ಕೈಯೂರಿ ಮೇಲೇಳುತ್ತಿದ್ದಾರೆ. ಕೆಲವರಿಗೆ ಮೈ ತುಂಬಿದೆ, ಕೆಲವರು ಇನ್ನೂ ಬರೀ ಎಲುಬು. ಭುಜ ಮುಚ್ಚುವ ಬಟ್ಟೆ ಇರಲಿ. ಸೀರೆ ಉಡುವ ತಾಯಿಯವರಿಗೆ ಆ ಚಿಂತೆಯಿಲ್ಲ.

ಉತ್ತರ (ಗದಗದಿಂದ)

ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ದುವೊಮೊ ಒಂದನ್ನೇ ನೋಡಿ ಮರಳಬೇಡಿ. ಊರಿನ ಇನ್ನೊಂದು ತುದಿಯಲ್ಲಿ, ಬಂಡೆಯ ಅಂಚಿಗೆ, ಸಾನ್ ಜೊವೆನಾಲೆ ಎಂಬ ಪುಟ್ಟ ಚರ್ಚಿದೆ. ಅದು ಕ್ರಿ.ಶ. 1004ರದೆಂದು ಹೇಳುತ್ತಾರೆ. ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ್ದು 1007ರಲ್ಲಿ ಎಂಬುದನ್ನು ನೆನೆದುಕೊಂಡು ಅದರ ಒಳಗೆ ಕಾಲಿಟ್ಟಾಗ ನನಗೆ ಮೈ ಜುಮ್ಮೆಂದಿತು. ಗೋಡೆಯ ಮೇಲೆ ಬೇರೆ ಬೇರೆ ಶತಮಾನಗಳ ಸಂತರ ಚಿತ್ರಗಳಿವೆ, ಹಲವು ಅರ್ಧ ಅಳಿಸಿವೆ. ಅಲ್ಲಿ ಗದ್ದಲವಿಲ್ಲ, ತಾಯಿಯವರು ಬೆಂಚಿನ ಮೇಲೆ ಕುಳಿತು ನೋಡಬಹುದು.

ಸಂತ ಪ್ಯಾಟ್ರಿಕ್‌ನ ಬಾವಿಗೆ ಮಾತ್ರ ಅವರನ್ನು ಇಳಿಸಬೇಡಿ: 248 ಮೆಟ್ಟಿಲು. ನೀವು ಇಳಿಯಿರಿ. 1527ರಲ್ಲಿ ರೋಮ್ ಲೂಟಿಯಾದಾಗ ಈ ಊರಿಗೆ ಬಂದು ಆಶ್ರಯ ಪಡೆದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆ ಬಿದ್ದರೂ ನೀರಿಗೆ ಕೊರತೆಯಾಗಬಾರದೆಂದು ಇದನ್ನು ತೋಡಿಸಿದ. ಇಳಿಯುವ ಹೇಸರಗತ್ತೆಗೆ ಏರುವ ಹೇಸರಗತ್ತೆ ಎದುರಾಗದಂತೆ ಎರಡು ಸುರುಳಿ ದಾರಿಗಳನ್ನು ಒಂದಕ್ಕೊಂದು ತಾಕದ ಹಾಗೆ ಕೊರೆದಿದ್ದಾರೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ನೋಡಿದವರಿಗೆ ಇದರ ಶ್ರಮ ಬೇಗ ಅರ್ಥವಾಗುತ್ತದೆ.

ಉತ್ತರ (ಹಾವೇರಿಯಿಂದ)

ಶರಣು. ಊಟದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ, ನಾನೂ ಸಸ್ಯಾಹಾರಿ. ಅಲ್ಲಿನ ಉಂಬ್ರಿಕೆಲ್ಲಿ ಎಂಬ ಪಾಸ್ತಾವನ್ನು ಮೊಟ್ಟೆಯಿಲ್ಲದೆ, ಗೋದಿ ಹಿಟ್ಟು ಮತ್ತು ನೀರಿನಲ್ಲಿ ನಾದಿ, ಮಣೆಯ ಮೇಲೆ ಕೈಯಿಂದ ಹೊಸೆಯುತ್ತಾರೆ. ನಮ್ಮ ಶಾವಿಗೆಗಿಂತ ಬಹಳ ದಪ್ಪ, ಜಗಿಯಲು ಗಟ್ಟಿ. ಅದನ್ನು 'ಅರಾಬಿಯಾತಾ' ಎಂದು ಕೇಳಿದರೆ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕೊಡುತ್ತಾರೆ. ಬ್ಯಾಡಗಿಯ ಬಣ್ಣ ಅದಕ್ಕಿಲ್ಲ, ಖಾರ ಮಾತ್ರ ಇದೆ. ಕಪ್ಪು ಟ್ರಫಲ್ ಎಂಬ ಅಣಬೆ ಜಾತಿಯದನ್ನು ತುರಿದು ಹಾಕಿದ್ದೂ ಸಿಗುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ. ಅಲ್ಲಿನ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಗಾಬರಿಯಾಗಬೇಡಿ. ಆಲಿವ್ ಎಣ್ಣೆ, ಉಪ್ಪು ಹಚ್ಚಿ ತಿನ್ನಿ.

ಎರಡು ಎಚ್ಚರಿಕೆ. ಒಂದು ಊಟದ ಮನೆಯಲ್ಲಿ ನಾನು ಬೇಳೆಯ ಸಾರು ಎಂದುಕೊಂಡು ಅರ್ಧ ಬಟ್ಟಲು ಕುಡಿದ ಮೇಲೆ ಅದು ಮಾಂಸ ಬೇಯಿಸಿದ ನೀರಿನದೆಂದು ತಿಳಿದು ಬಹಳ ನೊಂದೆ. 'ಸೆಂಜಾ ಕಾರ್ನೆ, ಸೆಂಜಾ ಬ್ರೋದೊ', ಅಂದರೆ ಮಾಂಸವೂ ಬೇಡ, ಅದರ ರಸವೂ ಬೇಡ ಎಂದು ಮೊದಲೇ ಹೇಳಿರಿ. ಇನ್ನೊಂದು, ಪೆಕೊರಿನೊ, ಪಾರ್ಮೆಸಾನ್ ಚೀಸ್‌ಗಳಲ್ಲಿ ಹಾಲನ್ನು ಒಡೆಸುವುದು ಸಾಮಾನ್ಯವಾಗಿ ಕುರಿ, ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥದಿಂದ. ತಾಯಿಯವರಿಗೆ ಬೇಡವಾದರೆ 'ಸೆಂಜಾ ಫೊರ್ಮಾಜೊ' ಎನ್ನಿ. ಮಧ್ಯಾಹ್ನ ಎರಡೂವರೆಯ ನಂತರ ಅಡುಗೆಮನೆಗಳು ಸಾಮಾನ್ಯವಾಗಿ ಮುಚ್ಚುತ್ತವೆ, ಮತ್ತೆ ತೆರೆಯುವುದು ರಾತ್ರಿಗೇ.

ಪ್ರಶ್ನೆ ಕೇಳಿದವರು (ಧಾರವಾಡದಿಂದ)

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಒಂದು ರಾತ್ರಿ ಉಳಿಯುವುದೆಂದು ನಿರ್ಧರಿಸಿದ್ದೇವೆ. ಬಾವಿಗೆ ನಾನು ಇಳಿಯುವಷ್ಟು ಹೊತ್ತು ಹೆಂಡತಿ ಮತ್ತು ತಾಯಿ ಮೇಲೆಯೇ ಕುಳಿತಿರುತ್ತಾರೆ. ಉಂಬ್ರಿಕೆಲ್ಲಿಯ ವಿಷಯವನ್ನು ತಾಯಿಯವರಿಗೆ ಓದಿ ಹೇಳಿದೆ. ಹಿಟ್ಟನ್ನು ಎಷ್ಟು ಹೊತ್ತು ನೆನೆಯಲು ಬಿಡುತ್ತಾರೆಂದು ಕೇಳುತ್ತಿದ್ದಾರೆ. ಹಾವೇರಿಯವರಿಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ.