ಬ್ಲಾಕ್ ಆದ ಪೈರಸಿ ತಾಣ ಸಂಜೆಗೇ ಮತ್ತೆ ತೆರೆಯುವುದು ಹೇಗೆ?

ಪ್ರಶ್ನೆ | ಗಾಂಧಿನಗರ ಗಲ್ಲಾಪೆಟ್ಟಿಗೆ
ಸಿನಿಮಾ ಬಿಡುಗಡೆಗೆ ಮೊದಲೇ ಹೈಕೋರ್ಟಿನಿಂದ ಜಾನ್ ಡೋ ಆದೇಶ (ಹೆಸರು ಗೊತ್ತಿಲ್ಲದ ಪ್ರತಿವಾದಿಗಳ ಮೇಲಿನ ಆದೇಶ) ತಂದು ಪೈರಸಿ ತಾಣಗಳನ್ನು ಬ್ಲಾಕ್ ಮಾಡಿಸುತ್ತಾರೆ. ಸಂಜೆಗೆ ಅದೇ ತಾಣ ಬೇರೆ ಬಾಲ ಅಂಟಿಸಿಕೊಂಡು ಹಾಜರ್. ತೂತು ಎಲ್ಲಿದೆ? ಇಡೀ ತಾಣ ಬಿಟ್ಟು ಆ ಸಿನಿಮಾದ ಪುಟವೊಂದನ್ನೇ ತಡೆಯಲಾಗದೇ?

ಉತ್ತರ | ಪೋರ್ಟ್53
ಎರಡನೆಯದು ಆಗದ ಮಾತು. ಎಚ್‌ಟಿಟಿಪಿಎಸ್‌ನಲ್ಲಿ ಯಾವ ಪುಟ ಎಂಬುದು ಐಎಸ್‌ಪಿಗೆ (ಇಂಟರ್ನೆಟ್ ಕೊಡುವ ಕಂಪನಿಗೆ) ಕಾಣುವುದಿಲ್ಲ, ಡೊಮೇನ್ ಹೆಸರು ಮಾತ್ರ ಕಾಣುತ್ತದೆ. ಅದೂ ಎರಡು ಕಡೆ: ಡಿಎನ್‌ಎಸ್ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೇಳುವಾಗ, ಮತ್ತು ಸಂಪರ್ಕದ ಶುರುವಿನಲ್ಲಿ ಯಾವ ತಾಣ ಬೇಕೆಂದು ಹೇಳಲು ಬ್ರೌಸರ್ ಕಳಿಸುವ ಎಸ್‌ಎನ್‌ಐಯಲ್ಲಿ. ಎಲ್ಲಿ ತಡೆದಿದ್ದಾರೆಂದು ತಿಳಿಯಲು ವಿಳಾಸ ಕೇಳುವ ಎನ್‌ಎಸ್‌ಲುಕಪ್ ಕಮಾಂಡನ್ನು ಒಮ್ಮೆ ಐಎಸ್‌ಪಿಯ ಡಿಎನ್‌ಎಸ್‌ನಲ್ಲಿ, ಒಮ್ಮೆ ಹೊರಗಿನ ಸಾರ್ವಜನಿಕ ಡಿಎನ್‌ಎಸ್ 1.1.1.1ರಲ್ಲಿ ಓಡಿಸಿ. ಐಎಸ್‌ಪಿ 127.0.0.1 (ನಿಮ್ಮ ಕಂಪ್ಯೂಟರಿನದೇ ವಿಳಾಸ) ಅಥವಾ ತನ್ನದೇ ಸರ್ವರಿನ ವಿಳಾಸ ಕೊಟ್ಟರೆ ಡಿಎನ್‌ಎಸ್ ತಡೆ. (ಉತ್ತರ ಬೇರೆಬೇರೆ ಬಂತೆಂದಷ್ಟಕ್ಕೇ ತೀರ್ಮಾನಿಸಬೇಡಿ, ಒಂದೇ ತಾಣವನ್ನು ಹಲವು ಸರ್ವರುಗಳಿಂದ ಕೊಡುವ ಸಿಡಿಎನ್ ಇದ್ದರೆ ಅದು ಸಹಜ.) ವಿಳಾಸ ಸರಿಯಿದ್ದೂ ಎಸ್‌ಎನ್‌ಐ ಹೊತ್ತ ಮೊದಲ ಸಂದೇಶ ‘ಕ್ಲೈಂಟ್ ಹಲೋ’ ಹೋದ ಕೂಡಲೇ ಸಂಪರ್ಕ ರೀಸೆಟ್ ಆದರೆ ಎಸ್‌ಎನ್‌ಐ ತಡೆ. ಎರಡೂ ಹೆಸರಿಗೆ ಹಾಕಿದ ಬೀಗಗಳೇ. ಸರ್ವರ್ ಅಲುಗುವುದಿಲ್ಲ, ಹೊಸ ಡೊಮೇನ್ ಕೊಂಡು ಅದಕ್ಕೇ ತೋರಿಸಿದರೆ ಮುಗಿಯಿತು. ಹುತ್ತ ಬಡಿದಂತೆ.

ಉತ್ತರ | ಕಟಕಟೆ
ಅದಕ್ಕೇ 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಸಿನಿಮಾ ಸಂಸ್ಥೆ ಯುಟಿವಿಯ ಪ್ರಕರಣದಲ್ಲಿ ‘ಡೈನಾಮಿಕ್’ ತಡೆಯಾಜ್ಞೆ ಕೊಟ್ಟಿದ್ದು. ಮಿರರ್ (ನಕಲು) ತಾಣ ಹುಟ್ಟಿದರೆ ಹೊಸ ದಾವೆ ಬೇಕಿಲ್ಲ, ಜಾಯಿಂಟ್ ರಿಜಿಸ್ಟ್ರಾರ್ ಮುಂದೆ ಅರ್ಜಿ, ಅಫಿಡವಿಟ್ ಹಾಕಿ ಪಟ್ಟಿಗೆ ಸೇರಿಸಬಹುದು. ಆದರೆ ಪಟ್ಟಿ ಉದ್ದವಾದಷ್ಟೂ ಪರಿಶೀಲನೆ ಸಡಿಲ. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಸಿನಿಮಾ ಪೈರಸಿ ಆದೇಶದಡಿ ಹಳೆಯ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್ ಕೂಡ ಮುಚ್ಚಿಹೋಗಿತ್ತು! ಐಪಿ ವಿಳಾಸವನ್ನೇ ತಡೆಯಿರಿ ಎನ್ನುವವರು ಆಸ್ಟ್ರಿಯಾ ನೋಡಲಿ: 2022ರ ಆಗಸ್ಟ್‌ನಲ್ಲಿ ತಾಣಗಳ ಮುಂದೆ ನಿಂತು ಅವುಗಳ ಸಂಚಾರ ಸಾಗಿಸುವ ಕಂಪನಿ ಕ್ಲೌಡ್‌ಫ್ಲೇರ್‌ನ 11 ವಿಳಾಸ ತಡೆದದ್ದಕ್ಕೆ, ಅವನ್ನೇ ಹಂಚಿಕೊಂಡಿದ್ದ ಸಾವಿರಾರು ನಿರಪರಾಧಿ ತಾಣಗಳೂ ಮಲಗಿದವು.

ಉತ್ತರ | ಮೂಲಕ್ಕೇ ಕೊಡಲಿ
ಬ್ಲಾಕ್ ದಂಡ ಅನ್ನಲಾರೆ, ಡಿಎನ್‌ಎಸ್ ಬದಲಿಸಲು ಗೊತ್ತಿಲ್ಲದವರು ಅಲ್ಲೇ ನಿಲ್ಲುತ್ತಾರೆ. ಆದರೆ ಮೊದಲ ವಾರಾಂತ್ಯ ಉಳಿಯಬೇಕಾದರೆ ಫೈಲನ್ನೇ ಕೀಳಿಸಿ. ಪೈರಸಿ ತಾಣದಲ್ಲಿ ಬಹಳ ಸಲ ಬರೀ ಕೊಂಡಿ ಇರುತ್ತದೆ, ವಿಡಿಯೊ ಇನ್ನೆಲ್ಲೋ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ಪ್ಲೇ ಒತ್ತಿದಾಗ ಬರುವ ಎಂ3ಯು8 (ವಿಡಿಯೊ ತುಣುಕುಗಳ ಪಟ್ಟಿ) ಅಥವಾ ಎಂಪಿ4 (ವಿಡಿಯೊ ಫೈಲು) ಯಾವ ಡೊಮೇನಿನದು ನೋಡಿ, ದೂರು ಅಲ್ಲಿಗೆ. ಕ್ಲೌಡ್‌ಫ್ಲೇರ್ ಅಡ್ಡ ಇದ್ದರೆ ಅವರ ಅಬ್ಯೂಸ್ ಫಾರ್ಮ್ ತುಂಬಿ, ಹಿಂದಿರುವ ಹೋಸ್ಟ್ (ಸರ್ವರ್ ಒದಗಿಸಿದ ಕಂಪನಿ) ಯಾರೆಂದು ಗೊತ್ತಾಗುತ್ತದೆ.

ಪ್ರಶ್ನೆ | ಗಾಂಧಿನಗರ ಗಲ್ಲಾಪೆಟ್ಟಿಗೆ
ಹೋಸ್ಟ್ ಭಾರತದಲ್ಲೇ ಇದ್ದರೆ?

ಉತ್ತರ | ಕಟಕಟೆ
ಕೃತಿಸ್ವಾಮ್ಯ ನಿಯಮಗಳು 2013ರ 75ನೇ ನಿಯಮದಂತೆ ಲಿಖಿತ ದೂರು ಕೊಡಿ, 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. 21 ದಿನದೊಳಗೆ ಕೋರ್ಟ್ ಆದೇಶ ತಂದು ತೋರಿಸದಿದ್ದರೆ ಅವರು ಮತ್ತೆ ತೆರೆಯಬಹುದು, ಆ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.