ಆರ್‌ಡಿ 350: ಎರಡು ಕಾರ್ಬೇಟರಿಗೆ ಪೆಟ್ರೋಲ್ ಪೈಪು ಹೆಂಗೆ ಎಳೀಬೇಕು?

ಪ್ರಶ್ನೆ:
ಗುರುಗಳೇ ನಮಸ್ಕಾರ. ನನ್ ಹತ್ರ 1986ರ ರಾಜ್‌ದೂತ್ ಆರ್‌ಡಿ 350 ಎಲ್‌ಟಿ ಬೈಕ್ ಇದೆ (ಎರಡು ಸಿಲಿಂಡರಿನ ಟೂ ಸ್ಟ್ರೋಕು, ಎಲ್‌ಟಿ ಅಂದ್ರೆ ಲೋ ಟಾರ್ಕ್), ನಮ್ಮ ಮಾವಂದು, ವರ್ಷಗಟ್ಲೆ ಶೆಡ್ಡಲ್ಲಿ ನಿಂತಿತ್ತು. ಇಂಜಿನ್ ಕೆಲಸ ಎಲ್ಲಾ ಮುಗೀತು, ಊರೊಳಗೆ ಬೆಣ್ಣೆ ಥರ ಓಡುತ್ತೆ. ಆದ್ರೆ ನೆಲಮಂಗಲ ದಾಟಿ ಹೈವೇಲಿ ಸ್ವಲ್ಪ ಹೊತ್ತು ಜೋರಾಗಿ ಎಳೆದ್ರೆ ಬಲಗಡೆ ಸಿಲಿಂಡರ್ ಕೈ ಕೊಡುತ್ತೆ, ಥ್ರಾಟಲ್ ಬಿಟ್ಟು ನಿಧಾನಕ್ಕೆ ಹೋದ್ರೆ ತಾನಾಗೇ ಸರಿ ಹೋಗುತ್ತೆ. ಹಳೇ ಪೆಟ್ರೋಲ್ ಕಾಕ್ (ಟ್ಯಾಂಕಿ ಕೆಳಗಿನ ನಲ್ಲಿ) ಸೋರ್ತಿತ್ತು ಅಂತ ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಕ್ಕಿದ ಒಂದೇ ಬಾಯಿ ಇರೋ ಕಾಕ್ ಹಾಕಿದೀವಿ. ಅಲ್ಲಿಂದ ಟ್ರಾನ್ಸ್‌ಪರೆಂಟ್ ಪೈಪು, ಮಧ್ಯ ಒಂದು ಪೇಪರ್ ಫಿಲ್ಟರ್, ಆಮೇಲೆ ಪ್ಲಾಸ್ಟಿಕ್ ಟೀ (ಟಿ ಆಕಾರದ ಜೋಡಣೆ) ಹಾಕಿ ಎರಡೂ ಕಡೆಗೆ ಕವಲು. ಬಲಗಡೆ ಪೈಪು ಸ್ವಲ್ಪ ಉದ್ದಾನೇ ಬಿಟ್ಟಿದೀವಿ, ಟ್ಯಾಂಕಿ ಎತ್ತೋಕೆ ಅನುಕೂಲ ಆಗ್ಲಿ ಅಂತ. ಮೆಕ್ಯಾನಿಕ್ಕು ಬಲಗಡೆ ಮೇನ್ ಜೆಟ್ಟು (ಕಾರ್ಬೇಟರ್ ಒಳಗೆ ಪೆಟ್ರೋಲ್ ಬಿಡೋ ತೂತಿನ ಬಿಲ್ಲೆ) ದೊಡ್ಡದು ಹಾಕೋಣ ಅಂತಿದಾರೆ. ಹಾಕಿಸ್ಲಾ?

ಉತ್ತರ:
ಜೆಟ್ ಮುಟ್ಟಬೇಡಿ ಸಾರ್. ಜೆಟ್ಟು ಚಿಕ್ಕದಾಗಿದ್ರೆ ಥ್ರಾಟಲ್ ಪೂರ್ತಿ ತಿರುಗಿಸಿದ ತಕ್ಷಣಾನೇ ಗೊತ್ತಾಗೋದು. ನಿಮ್ದು ಸ್ವಲ್ಪ ಹೊತ್ತು ಚೆನ್ನಾಗಿ ಎಳೆದು ಆಮೇಲೆ ಸಾಯ್ತಿದೆ, ನಿಧಾನ ಮಾಡಿದ್ರೆ ಬದುಕ್ತಿದೆ. ಅಂದ್ರೆ ಫ್ಲೋಟ್ ಬೌಲು (ಕಾರ್ಬೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಖಾಲಿಯಾಗೋ ವೇಗಕ್ಕೆ ಮೇಲಿಂದ ತುಂಬ್ತಾ ಇಲ್ಲ. ಇದು ಸರಿಯಾಗೋ ತನಕ ದಯವಿಟ್ಟು ಹೈವೇಗೆ ಹೋಗ್ಬೇಡಿ, ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಕಮ್ಮಿ ಆದ್ರೆ ಬರೀ ಪವರ್ ಹೋಗಲ್ಲ, ಪಿಸ್ಟನ್ ಸೀಜ್ ಆಗುತ್ತೆ (ಕಾದು ಸಿಲಿಂಡರೊಳಗೆ ಕಚ್ಕೊಳ್ಳುತ್ತೆ), ಅದೂ ಸ್ಪೀಡಲ್ಲಿದ್ದಾಗ ಹಿಂದಿನ ಚಕ್ರ ಲಾಕ್ ಆದ್ರೆ ಕ್ಲಚ್ ಹಿಡಿಯೋಕೂ ಟೈಮ್ ಇರಲ್ಲ.

ಮೊದಲು ಅಳತೆ ಮಾಡಿ. ಆರ್‌ಡಿ ಗಂಟೆಗೆ 120 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಾ ಲೀಟರಿಗೆ 10 ಕಿಲೋಮೀಟರ್ ಕೊಡುತ್ತೆ ಅಂತ ಇಟ್ಕೊಳ್ಳಿ, ಗಂಟೆಗೆ 12 ಲೀಟರ್ ಆಯ್ತು, ನಿಮಿಷಕ್ಕೆ 200 ಎಂಎಲ್, ಅಂದ್ರೆ ಒಂದೊಂದು ಕಾರ್ಬೇಟರಿಗೂ 100. ಎರಡೂ ಪೈಪು ಕಾರ್ಬೇಟರಿಂದ ಬಿಡಿಸಿ, ಅದೇ ಎತ್ತರದಲ್ಲೇ ಹಿಡಿದು ಎರಡು ಬಾಟ್ಲಿಗೆ ಬಿಡಿ, ಒಟ್ಟಿಗೇ ಬಿಡ್ಬೇಕು, ಒಂದಾದ್ಮೇಲೆ ಒಂದಲ್ಲ. ಇಂಜಿನ್ ತಣ್ಣಗಿರ್ಲಿ, ಟ್ಯಾಂಕಿ ಫುಲ್ ಬೇಡ, ಕಾಲು ಭಾಗ ಸಾಕು, ಯಾಕಂದ್ರೆ ಫುಲ್ ಇದ್ದಾಗ ಎತ್ತರ ಜಾಸ್ತಿ ಅಂತ ಎಲ್ಲಾ ಚೆನ್ನಾಗೇ ಕಾಣುತ್ತೆ. ಒಂದೊಂದು ಬಾಯಿಂದ ನಿಮಿಷಕ್ಕೆ 200 ಎಂಎಲ್ ಆದ್ರೂ ಬಂದ್ರೆ ನೆಮ್ಮದಿ, ಬೌಲಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸೋ ಫ್ಲೋಟ್ ಸೂಜಿ ಹತ್ರ ಇನ್ನೂ ಸ್ವಲ್ಪ ತಡೆ ಇರುತ್ತೆ ನೋಡಿ.

ಈ ಗಾಡೀಲಿ ಪಂಪ್ ಇಲ್ಲ. ಟ್ಯಾಂಕಿ ಮೇಲಿದೆ ಕಾರ್ಬೇಟರ್ ಕೆಳಗಿದೆ ಅನ್ನೋದೊಂದೇ ಬಲ. ಅದಕ್ಕೇ ಪೈಪು ಕಾಕಿಂದ ಕಾರ್ಬೇಟರ್ ತನಕ ಇಳೀತಾನೇ ಇರ್ಬೇಕು, ಎಲ್ಲೂ ಮೇಲೆ ಹತ್ತಬಾರ್ದು. ನೀವು ಉದ್ದ ಬಿಟ್ಟಿರೋ ಬಲಗಡೆ ಪೈಪು ಎಲ್ಲೋ ಒಂದ್ಕಡೆ ಮೇಲೆದ್ದು ಗೂನು ಬೆನ್ನು ಹಾಕಿರುತ್ತೆ, ಅಲ್ಲಿ ಗಾಳಿ ಕೂತ್ಕೊಳ್ಳುತ್ತೆ. ನಿಧಾನ ಹೋದಾಗ ಆ ಗಾಳಿ ಪಕ್ಕದಲ್ಲೇ ನುಸುಳಿ ಬರೋ ಪೆಟ್ರೋಲ್ ಸಾಕಾಗುತ್ತೆ, ಜೋರಾಗಿ ಎಳೆದಾಗ ಸಾಕಾಗಲ್ಲ.

ಪೇಪರ್ ಫಿಲ್ಟರ್ ತೆಗೀರಿ. ಪಂಪ್ ಇರೋ ಗಾಡಿಗೆ ಮಾಡಿರೋ ಫಿಲ್ಟರ್ ಬರೀ ಇಳಿಜಾರಲ್ಲಿ ಹರಿಯೋ ಪೆಟ್ರೋಲಿಗೆ ಅಡ್ಡಗೋಡೆ. ಕಾಕ್ ಒಳಗೆ ಜಾಲರಿ ಇದ್ಯಾ ನೋಡ್ಕೊಳ್ಳಿ, ಇದ್ರೆ ಅದೇ ಸಾಕು. ಟ್ಯಾಂಕೀಲಿ ತುಕ್ಕು ಇದ್ರೆ ಟ್ಯಾಂಕಿ ಕ್ಲೀನ್ ಮಾಡಿಸಿ. ಆ ಟೀನೂ ಕೈಯಲ್ಲಿ ಹಿಡಿದು ಒಳಗೆ ನೋಡಿ, ಹೊರಗಡೆ ದಪ್ಪ ಕಾಣ್ಸುತ್ತೆ, ಒಳಗಡೆ ತೂತು ರೀಫಿಲ್ಲಿನಷ್ಟಿರುತ್ತೆ. ಹಿತ್ತಾಳೇದು ಹಾಕಿ, ಒಳಗಿನ ತೂತು ದೊಡ್ಡದಿರೋದು ನೋಡಿ ತಗೊಳ್ಳಿ.

ಪ್ರಶ್ನೆ ಕೇಳಿದವರು:
ಗುರುಗಳೇ ಟೆಸ್ಟ್ ಮಾಡ್ದೆ. ಎಡಗಡೆ ಬಾಟ್ಲಿ 240, ಬಲಗಡೆ 70! ಬಲಗಡೆ ಪೈಪು ಟೀ ಬಿಟ್ಟ ಮೇಲೆ ಫ್ರೇಮ್ ಮೇಲೆ ಹತ್ತಿ ಇಳಿದಿದೆ, ನೀವ್ ಹೇಳಿದ್ ಗೂನು ಅಲ್ಲೇ ಇದೆ, ಗುಳ್ಳೆ ಕಣ್ಣಿಗೇ ಕಾಣ್ಸುತ್ತೆ. ಹೊಸ ಪೈಪು ಹೆಂಗೆ ಎಳೀಲಿ? ಎರಡೂ ಕಡೆ ಒಂದೇ ಉದ್ದ ಇರ್ಬೇಕಾ?

ಉತ್ತರ:
ಒಂದೇ ಉದ್ದ ಬೇಕು ಅನ್ನೋದು ಸುಮ್ನೆ ಮಾತು. ಎರಡೂ ಇಳೀತಾ ಇದ್ರೆ ಸಾಕು. ಕಾಕಿಂದ ಗಿಡ್ಡ ಪೈಪು ಕೆಳಗೆ, ಎರಡು ಕಾರ್ಬೇಟರ್ ಮಧ್ಯ ಟೀ, ಅದರ ಎರಡೂ ಕೈ ಕಾರ್ಬೇಟರ್ ನಿಪ್ಪಲ್ಲಿಗಿಂತ (ಪೈಪು ಸಿಕ್ಕಿಸೋ ಮೂತಿ) ಸ್ವಲ್ಪ ಮೇಲಿರ್ಲಿ. ಸಿಲಿಂಡರ್ ಫಿನ್ನಿಗೆ ತಾಕಬಾರ್ದು, ಥ್ರಾಟಲ್ ಕೇಬಲ್ಲಿಗೆ ಒತ್ತಬಾರ್ದು. ಟ್ಯಾಂಕಿ ಕೂರಿಸಿದ್ಮೇಲೆ ಕೆಳಗಿಂದ ಟಾರ್ಚ್ ಬಿಟ್ಟು ನೋಡಿ, ಟ್ಯಾಂಕಿ ಅಂಚಿಗೆ ಸಿಕ್ಕಿ ಪೈಪು ಚಪ್ಪಟೆ ಆಗಿರೋದು ತುಂಬಾ ಸಲ ಇರುತ್ತೆ, ಟ್ಯಾಂಕಿ ತೆಗೆದು ನೋಡಿದ್ರೆ ಮತ್ತೆ ದುಂಡಗಾಗಿರುತ್ತೆ, ಹಂಗಾಗಿ ಯಾರ ಕಣ್ಣಿಗೂ ಬೀಳಲ್ಲ.

ಟ್ಯಾಂಕಿ ಎತ್ತೋಕೆ ಅಂತ ಉದ್ದ ಬಿಡ್ಬೇಡಿ. ಕಾಕ್ ಆಫ್ ಮಾಡಿ ಪೈಪನ್ನ ಕಾಕ್ ಕಡೆಯಿಂದ ಬಿಡಿಸಿ, ಅಷ್ಟೆ. ಬಿಗಿಯೋಕೆ ಸ್ಪ್ರಿಂಗ್ ಕ್ಲಿಪ್ ಹಾಕಿ, ಸ್ಕ್ರೂ ಕ್ಲಿಪ್ಪು ಸಣ್ಣ ಪೈಪನ್ನ ಕೊಯ್ದುಬಿಡುತ್ತೆ. ಪಾರದರ್ಶಕ ಪೈಪು ನೋಡೋಕೆ ಚೆಂದ, ಆದ್ರೆ ಈಗ ಬರ್ತಿರೋ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಬೇಗ ಗಟ್ಟಿಯಾಗಿ ಕ್ಲಿಪ್ ಹತ್ರ ಸೀಳುತ್ತೆ. ಪೈಪಿನ ಮೇಲೆ ಎಸ್‌ಎಇ 30ಆರ್9 ಅಂತ ಅಚ್ಚಾಗಿರೋದು ತಗೊಳ್ಳಿ, ಅದು ಎಥನಾಲ್ ತಡ್ಕೊಳ್ಳುತ್ತೆ. ಸೈಜು ನಿಪ್ಪಲ್ಲಿಗೆ ಹಾಕಿ ನೋಡಿ ತಗೊಳ್ಳಿ.

ಇನ್ನೊಬ್ಬರು:
ನಮ್ ಮೈಸೂರಿನ ಯೆಜ್ಡಿ ರೋಡ್‌ಕಿಂಗಿಗೆ ಒಂದೇ ಕಾರ್ಬೇಟರ್, ಈ ರಾಮಾಯಣನೇ ಇಲ್ಲ 😄

ಮತ್ತೊಬ್ಬರು:
ಸಾರ್ ನಾನು ಇಂಗ್ಲೆಂಡಲ್ಲಿರೋದು, 1969ರ ಟ್ರಯಂಫ್ ಬಾನವಿಲ್ ಇದೆ, ಎರಡು ಆಮಲ್ ಕಾರ್ಬೇಟರ್, ಟ್ಯಾಂಕಿಗೆ ಎರಡು ಕಾಕ್. ಒಂದು ಕಾಕಿಂದ ಒಂದು ಕಾರ್ಬೇಟರಿಗೆ ನೇರ ಕೊಟ್ಟುಬಿಟ್ರೆ ಟೀನೇ ಬೇಡ ಅಲ್ವಾ?

ಉತ್ತರ:
ಬೇಡ ಸಾರ್, ಹಂಗೆ ಮಾಡ್ಬೇಡಿ. ಆ ಗಾಡೀಲಿ ಒಂದು ಕಾಕ್ ಮೇನು, ಅದರ ಕೊಳವೆ ಟ್ಯಾಂಕಿ ಒಳಗೆ ಮೇಲಕ್ಕೆ ನಿಂತಿರುತ್ತೆ. ಇನ್ನೊಂದು ರಿಸರ್ವು, ತಳದಿಂದ ಎಳೆಯುತ್ತೆ. ಬೇರೆ ಬೇರೆ ಮಾಡಿದ್ರೆ ಪೆಟ್ರೋಲ್ ಇಳಿದ ಮೇಲೆ ಮೇನ್ ಕಡೆ ಸಿಲಿಂಡರ್ ಮೊದಲು ಒಣಗುತ್ತೆ. ಎರಡು ಲೈನಿಗೂ ಮಧ್ಯ ಅಡ್ಡ ಪೈಪು ಇರ್ಲಿ, ಯಾವ ಕಾಕ್ ತೆರೆದ್ರೂ ಎರಡೂ ಕಾರ್ಬೇಟರಿಗೆ ಹೋಗ್ಲಿ.

ಪ್ರಶ್ನೆ ಕೇಳಿದವರು:
ಹೊಸ ಪೈಪು ಹಾಕಿ ಫಿಲ್ಟರ್ ತೆಗೆದೆ ಗುರುಗಳೇ. ಈಗ 260, 250. ಹೈವೇಗೆ ಹೋಗ್ಬೋದಾ?

ಉತ್ತರ:
ಟ್ಯಾಂಕಿ ಮುಚ್ಚಳ ಹಾಕಿ ಅಳೆದ್ರೋ ತೆಗೆದು ಅಳೆದ್ರೋ? ತೆಗೆದಿದ್ರೆ ಹಾಕಿ ಇನ್ನೊಂದ್ಸಲ ಅಳೀರಿ, ಸುಮ್ನೆ ಐದು ನಿಮಿಷ ಹರಿಯೋಕೆ ಬಿಡಿ. ಮುಚ್ಚಳದ ಗಾಳಿ ತೂತು ಕಟ್ಟಿದ್ರೆ ಮೊದಲ ನಿಮಿಷ ಚೆನ್ನಾಗ್ ಬಂದು ಆಮೇಲೆ ಸೊರಗುತ್ತೆ. ಅದೂ ಸರಿ ಇದ್ರೆ ಹೋಗಿ, ಮೊದಲ ಸಲ ಅರ್ಧ ಥ್ರಾಟಲ್ ದಾಟಬೇಡಿ, ಕ್ಲಚ್ ಮೇಲೆ ಎರಡು ಬೆರಳು ಇರ್ಲಿ. ವಾಪಸ್ ಬಂದು ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ಫೋಟೋ ಹಾಕಿ, ಬಲಗಡೇದು ಬೆಳ್ಳಗಿದ್ರೆ, ಅಂದ್ರೆ ಇನ್ನೂ ಪೆಟ್ರೋಲ್ ಕಮ್ಮಿ ಬೀಳ್ತಿದ್ರೆ, ಆಗ ಜೆಟ್ ಮಾತಾಡೋಣ.